ಹೊಗೆ ಕಂಡರೆ ಬಾನೆಟ್ ಎತ್ತಬೇಡಿ!



ಈ ಸಲ ಹಾಡು, ಹರಟೆ, ಅಡುಗೆ ಯಾವುದೂ ಅಲ್ಲ. ಸ್ವಲ್ಪ ಬಿಸಿ ವಿಷಯ! ಕೆಲಸ ಮುಗಿಸಿ ಮನೆಗೆ ಬಂದಿದ್ದೀರಿ, ಕಾರು ಕಟ್ಟಡದ ಕೆಳಗೆ ನಿಂತಿದೆ, ಬಾನೆಟ್ ಸಂದಿಯಿಂದ ಹೊಗೆ ಏಳುತ್ತಿದೆ. ಏನು ಮಾಡುತ್ತೀರಿ?

ಸಾಮಾನ್ಯವಾಗಿ ಬರುವ ಉತ್ತರ ಒಂದೇ: "ಬಾನೆಟ್ ಎತ್ತಿ ನೋಡುತ್ತೇನೆ, ಬೆಂಕಿ ಇದ್ದರೆ ಒಂದು ಬಕೆಟ್ ನೀರು ಸುರಿಯುತ್ತೇನೆ." ಎರಡೂ ತಪ್ಪು ಸ್ವಾಮಿ! ಅದೂ ಕೈ, ಮುಖ, ಕಣ್ಣು ಕಳೆದುಕೊಳ್ಳುವಂಥ ತಪ್ಪು. ಏಕೆ ತಪ್ಪು, ಹಾಗಾದರೆ ಸರಿ ಯಾವುದು ಅನ್ನುವುದನ್ನು ನಿಧಾನವಾಗಿ ನೋಡೋಣ. ಬೆಂಕಿ ಹತ್ತಿದ ಮೇಲೆ ನಿಧಾನವಾಗಿ ಓದುವುದಕ್ಕೆ ಸಮಯ ಸಿಗುವುದಿಲ್ಲ ನೋಡಿ.

ಊರಿನಲ್ಲಾದರೆ ಕಾರು ಅಂಗಳದಲ್ಲೋ ಮರದ ಕೆಳಗೋ ನಿಲ್ಲುತ್ತದೆ. ಮಹಾನಗರದ ಸೊಸೈಟಿಗಳಲ್ಲಿ ಎಷ್ಟೋ ಕಡೆ ಕಂಬಗಳ ಮೇಲೆ ಎದ್ದ ಕಟ್ಟಡ, ಅದರ ಹೊಟ್ಟೆಯೊಳಗೆ ಕಾರು, ಸ್ಕೂಟರ್‌ಗಳ ಸಾಲು, ಪಕ್ಕದಲ್ಲೇ ಕರೆಂಟ್ ಮೀಟರ್‌ಗಳ ಗೋಡೆ, ಅದಕ್ಕೆ ತಾಗಿದಂತೆ ಮೆಟ್ಟಿಲು. ಮೇಲೆ ನಾವು! ಆದ್ದರಿಂದ ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಯಲ್ಲಿರುವ ನಮಗೆ ಕಾರಿಗೆ ಬಿದ್ದ ಬೆಂಕಿ ಕಾರಿನದಷ್ಟೇ ಅಲ್ಲ, ಮನೆಯ ಬೆಂಕಿಯೂ ಹೌದು.

ನಿಂತ ಕಾರಿಗೆ ಬೆಂಕಿ ಹೇಗೆ ಹತ್ತುತ್ತದೆ?

ಕೀ ತೆಗೆದ ಮೇಲೆ ಕಾರು ತಣ್ಣಗಾಗುತ್ತದೆ ಎಂದುಕೊಳ್ಳುತ್ತೇವೆ. ಮೊದಲ ಕೆಲವು ನಿಮಿಷ ಆಗುವುದು ಇದಕ್ಕೆ ವಿರುದ್ಧ. ಓಡುವ ಕಾರಿನ ಎಂಜಿನ್‌ಗೆ ಎದುರುಗಾಳಿ ಬಡಿಯುತ್ತಿರುತ್ತದೆ, ತಂಪಿನ ನೀರು ಸುತ್ತುತ್ತಿರುತ್ತದೆ. ಕಾರು ನಿಂತರೆ ಇವೂ ನಿಲ್ಲುತ್ತವೆ. ಒಳಗಿನ ಶಾಖ ಹೊರಹೋಗಲು ದಾರಿಯಿಲ್ಲದೆ ಬಾನೆಟ್ ಕೆಳಗೆ ಬಿಸಿ ಇನ್ನಷ್ಟು ಏರುತ್ತದೆ. ಜೋರಾಗಿ ಓಡಿಸಿದ ಕಾರಿನ ಎಕ್ಸಾಸ್ಟ್ ಮ್ಯಾನಿಫೋಲ್ಡ್, ಅಂದರೆ ಸುಟ್ಟ ಅನಿಲ ಹೊರಬರುವ ಕಬ್ಬಿಣದ ಕೊಳವೆ, 500 ಡಿಗ್ರಿ ಸೆಲ್ಸಿಯಸ್ ದಾಟಬಲ್ಲದು. ಪೆಟ್ರೋಲ್ ಆವಿ ಕಿಡಿಯ ಹಂಗಿಲ್ಲದೆ ತಾನೇ ಹೊತ್ತಿಕೊಳ್ಳಲು 250ರಿಂದ 280 ಡಿಗ್ರಿ ಸಾಕು. ಡೀಸೆಲ್‌ಗೆ ಇನ್ನೂ ಕಡಿಮೆ. ಬಿರುಕು ಬಿಟ್ಟ ಪೈಪಿನಿಂದ ಇಂಧನವೋ ಎಂಜಿನ್ ಆಯಿಲೋ ಆ ಕೊಳವೆಯ ಮೇಲೆ ತೊಟ್ಟಿಕ್ಕಿದರೆ ಮುಂದಿನದು ನಿಮಗೇ ಗೊತ್ತು.

ಇನ್ನು ಕಿಡಿ ಇದ್ದರಂತೂ ಪೆಟ್ರೋಲಿಗೆ ಬಿಸಿಯೇ ಬೇಕಿಲ್ಲ. ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ ಅದು ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ದೆಹಲಿಯ ಜನವರಿ ಚಳಿ ಅದಕ್ಕೆ ಯಾವ ಲೆಕ್ಕ! ಈ ಆವಿ ಗಾಳಿಗಿಂತ ಭಾರ. ನೆಲದ ಮೇಲೆ ತೆವಳಿಕೊಂಡು ಹೋಗಿ ದೂರದ ಕಿಡಿಯನ್ನು ಹುಡುಕಿಕೊಳ್ಳುತ್ತದೆ.

ಎರಡನೆಯ ಕಾರಣ ಬ್ಯಾಟರಿ. ಕೀ ತೆಗೆದರೂ ಬ್ಯಾಟರಿಗೆ ನಿದ್ರೆಯಿಲ್ಲ. ಬರೀ 12 ವೋಲ್ಟ್ ಎಂದು ಅಸಡ್ಡೆ ಬೇಡ. ಅದರ ದಪ್ಪ ತಂತಿ ಎಲ್ಲಾದರೂ ಸವೆದು ಕಾರಿನ ಲೋಹಕ್ಕೆ ತಗುಲಿದರೆ ನೂರಾರು ಆಂಪಿಯರ್ ಕರೆಂಟ್ ಹರಿದು ತಂತಿ ಕೆಂಪಗೆ ಕಾಯುತ್ತದೆ. ಹೊರಗಿನ ಅಂಗಡಿಯಲ್ಲಿ ಹಾಕಿಸಿದ ದೊಡ್ಡ ಹಾರ್ನ್, ಫಾಗ್ ಲೈಟ್, ಮ್ಯೂಸಿಕ್ ಸಿಸ್ಟಂಗೆ ಫ್ಯೂಸ್ ಇಲ್ಲದೆ ನೇರ ತಂತಿ ಎಳೆದಿದ್ದರೆ ಅಪಾಯ ಹೆಚ್ಚು. 60 ವ್ಯಾಟ್‌ನ ಹೆಡ್‌ಲೈಟ್ ಬಲ್ಬು 5 ಆಂಪಿಯರ್ ಎಳೆಯುತ್ತದೆ. "ಬೆಳಕು ಸಾಲದು" ಎಂದು 100 ವ್ಯಾಟ್‌ನದು ಹಾಕಿದರೆ 8 ಆಂಪಿಯರ್‌ಗೂ ಹೆಚ್ಚು. ತಂತಿ ಮಾತ್ರ ಹಳೆಯದೇ!

ಮೂರನೆಯ ಕಾರಣ ಇಲಿ. ಮುಂಬಯಿ, ಪುಣೆಯವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಗಣಪನ ವಾಹನಕ್ಕೆ ನಮ್ಮ ವಾಹನವೇ ಮನೆ! ತಂತಿಯ ಪ್ಲಾಸ್ಟಿಕ್ ಕಡಿಯುತ್ತದೆ, ಕಾಗದ, ಬಟ್ಟೆ ಚೂರು ತಂದು ಬೆಚ್ಚಗಿನ ಎಂಜಿನ್ ಮೇಲೆ ಗೂಡು ಕಟ್ಟುತ್ತದೆ. ಕಿಡಿಯೂ ಅಲ್ಲೇ, ಉರುವಲೂ ಅಲ್ಲೇ. ಇಲಿ ಓಡಿಸಲೆಂದು ಬಾನೆಟ್ ಒಳಗೆ ಹೊಗೆಸೊಪ್ಪಿನ ಕಟ್ಟು ಇಡುವವರಿದ್ದಾರೆ. ಒಣ ಎಲೆ ಬಿಸಿ ಕೊಳವೆಯ ಮೇಲೆ ಜಾರಿದರೆ ಅದೂ ಉರುವಲೇ ಅಲ್ಲವೇ?

ನಾಲ್ಕನೆಯದು ನೆರೆ. 2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್ ಮಳೆ ಸುರಿದದ್ದು, 2015ರ ಡಿಸೆಂಬರಿನಲ್ಲಿ ಚೆನ್ನೈ, 2020ರ ಅಕ್ಟೋಬರಿನಲ್ಲಿ ಹೈದರಾಬಾದ್ ಮುಳುಗಿದ್ದು ನೆನಪಿದೆಯಲ್ಲ? ಹಾಗೆ ನೀರಲ್ಲಿ ಮುಳುಗಿದ ಕಾರಿನ ತಾಮ್ರದ ಕೊಂಡಿಗಳು ತಿಂಗಳುಗಳ ನಂತರ ಹಸಿರುಗಟ್ಟುತ್ತವೆ. ಕಿಲುಬು ಹಿಡಿದ ಜಾಗದಲ್ಲಿ ಕರೆಂಟಿಗೆ ತಡೆ ಹೆಚ್ಚಿ ಬಿಸಿಯೇರುತ್ತದೆ. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವಾಗ ಮೆಕ್ಯಾನಿಕ್‌ನಿಂದ ಸೀಟಿನ ಕೆಳಗಿನ ಕೆಸರು, ತುಕ್ಕು, ತಂತಿ ಕೊಂಡಿ ನೋಡಿಸಿ.

ಹಬೆಯೋ ಹೊಗೆಯೋ?

ಬಾನೆಟ್ ಸಂದಿಯಿಂದ ಬರುವುದೆಲ್ಲ ಬೆಂಕಿಯ ಹೊಗೆಯಲ್ಲ. ರೇಡಿಯೇಟರ್ ಕುದಿದರೆ ಬಿಳಿ ಹಬೆ ಬರುತ್ತದೆ. ಅದು ಒದ್ದೆ, ಗಾಳಿಯಲ್ಲಿ ಬೇಗ ಕರಗುತ್ತದೆ, ಕೂಲೆಂಟ್‌ನ ಸ್ವಲ್ಪ ಸಿಹಿ ವಾಸನೆ ಇರುತ್ತದೆ. ಬೆಂಕಿಯ ಹೊಗೆ ಬೂದು ಅಥವಾ ಕಪ್ಪು. ರಬ್ಬರ್, ಪ್ಲಾಸ್ಟಿಕ್ ಸುಟ್ಟ ಘಾಟು ಮೂಗಿಗೆ ಬಡಿಯುತ್ತದೆ, ಬೇಗ ಕರಗುವುದಿಲ್ಲ. ಅನುಮಾನ ಬಂದರೆ? ಬೆಂಕಿ ಎಂದೇ ತಿಳಿಯಿರಿ. ಹಬೆಯಾದರೂ ಬಾನೆಟ್ ಎತ್ತಿ ರೇಡಿಯೇಟರ್ ಮುಚ್ಚಳ ತಿರುಗಿಸುವ ಅವಸರ ಬೇಡ, ಕುದಿನೀರು ಮುಖಕ್ಕೆ ಹಾರುತ್ತದೆ.

ಮೊದಲ ನಿಮಿಷದಲ್ಲಿ ಮಾಡಬೇಕಾದದ್ದು

1. ನೀವು ಕಾರಿನೊಳಗೇ ಇದ್ದರೆ ಎಂಜಿನ್ ಆಫ್ ಮಾಡಿ. ಇದರಿಂದ ಇಂಧನ ಪಂಪ್ ನಿಲ್ಲುತ್ತದೆ, ಬೆಂಕಿಗೆ ಊಟ ನಿಲ್ಲುತ್ತದೆ. ಹೊರಗಿದ್ದರೆ ಕೀ ತಿರುಗಿಸಲೆಂದು ಒಳಗೆ ಹೋಗಬೇಡಿ.

2. ಎಲ್ಲರನ್ನೂ ಇಳಿಸಿ. ಮೊದಲು ಹಿಂದಿನ ಸೀಟಿನ ಮಕ್ಕಳು, ವಯಸ್ಸಾದವರು. ಚೀಲ, ಲ್ಯಾಪ್‌ಟಾಪ್, ಕಾಗದಪತ್ರ ಯಾವುದಕ್ಕೂ ಹಿಂತಿರುಗಬೇಡಿ.

3. ದೂರ ಸರಿಯಿರಿ. ಬಯಲಾದರೆ 100 ಅಡಿಯಾದರೂ ಇರಲಿ. ನೆಲಮಾಳಿಗೆಯಾದರೆ ಅಡಿ ಲೆಕ್ಕ ಬಿಡಿ, ಪೂರ್ತಿ ಹೊರಗೆ ಬನ್ನಿ. ಲಿಫ್ಟ್ ಬೇಡ, ಮೆಟ್ಟಿಲು ಅಥವಾ ಇಳಿಜಾರಿನ ದಾರಿ.

4. 101 ಅಥವಾ 112ಕ್ಕೆ ಫೋನ್ ಮಾಡಿ. "ಮೊದಲು ನಂದಿಸಿ ನೋಡೋಣ, ಆಗದಿದ್ದರೆ ಫೋನ್" ಎನ್ನುವುದು ಬೇಡ. ಬೆಂಕಿ ಆರಿಹೋದರೂ ಅಗ್ನಿಶಾಮಕ ದಳದವರು ಬಂದು ನೋಡುವುದು ಒಳ್ಳೆಯದೇ.

5. ವಾಚ್‌ಮನ್‌ಗೆ ಹೇಳಿ ಗೇಟ್ ತೆರೆಸಿ, ಅಗ್ನಿಶಾಮಕ ವಾಹನದ ದಾರಿಗೆ ಅಡ್ಡವಿರುವ ಗಾಡಿ ತೆಗೆಸಿ. ಉರಿಯುವ ಕಾರಿನ ಪಕ್ಕದ ಗಾಡಿ ತೆಗೆಯಲು ಮಾತ್ರ ಯಾರೂ ಹೋಗಬಾರದು.

ಬಾನೆಟ್ ಏಕೆ ಎತ್ತಬಾರದು?

ಅಜ್ಜಿ ಸೌದೆ ಒಲೆ ಹೊತ್ತಿಸುತ್ತಿದ್ದುದು ನೆನಪಿದೆಯೇ? ಹೊಗೆಯಾಡುವ ಕೆಂಡಕ್ಕೆ ಊದುಗೊಳವೆಯಿಂದ ಒಂದು ಉಸಿರು ಬಿಟ್ಟರೆ ಭಗ್ಗನೆ ಜ್ವಾಲೆ! ಮುಚ್ಚಿದ ಬಾನೆಟ್ ಕೆಳಗಿನ ಬೆಂಕಿಯೂ ಹಾಗೆಯೇ ಗಾಳಿ ಸಾಲದೆ ಹೊಗೆಯಾಡುತ್ತಿರುತ್ತದೆ. ನೀವು ಬಾನೆಟ್ ಎತ್ತಿದಿರೋ, ಸಾವಿರ ಊದುಗೊಳವೆ ಒಟ್ಟಿಗೆ ಊದಿದ ಹಾಗೆ. ಆ ಜ್ವಾಲೆ ಮೊದಲು ಮುಟ್ಟುವುದು ಬಗ್ಗಿ ನೋಡುತ್ತಿರುವ ನಿಮ್ಮ ಮುಖವನ್ನೇ.

ನೀರೇಕೆ ಬೇಡ? ಪೆಟ್ರೋಲ್ ನೀರಿಗಿಂತ ಹಗುರ. ಒಂದು ಲೀಟರ್ ಪೆಟ್ರೋಲ್ ಮುಕ್ಕಾಲು ಕಿಲೋದಷ್ಟೇ ತೂಗುತ್ತದೆ. ಬಕೆಟ್ ನೀರು ಸುರಿದರೆ ನೀರು ಕೆಳಗೆ ಹರಿಯುತ್ತದೆ, ಉರಿಯುವ ಪೆಟ್ರೋಲ್ ಅದರ ಮೇಲೆ ತೇಲಿಕೊಂಡು ಪಕ್ಕದ ಸ್ಕೂಟರಿನವರೆಗೂ ಸವಾರಿ ಹೋಗುತ್ತದೆ. ಅಗ್ನಿಶಾಮಕ ದಳದವರು ನೀರು, ನೊರೆ ಬಳಸುತ್ತಾರೆ, ನಿಜ. ಅವರ ಬಳಿ ಒತ್ತಡದ ಪೈಪು, ರಕ್ಷಣೆಯ ಉಡುಪು, ತರಬೇತಿ ಎಲ್ಲ ಇದೆ. ನಮ್ಮ ಬಳಿ ಇರುವುದು ಬಚ್ಚಲ ಮನೆಯ ಬಕೆಟ್.

ಕೆಂಪು ಸಿಲಿಂಡರ್ ಹಿಡಿಯುವ ಬಗೆ

ಕಾರಿಗೆ ತಕ್ಕದ್ದು 'ಎಬಿಸಿ' ಒಣಪುಡಿಯ ನಂದಕ. ಎ ಅಂದರೆ ಕಾಗದ, ಬಟ್ಟೆ; ಬಿ ಅಂದರೆ ಪೆಟ್ರೋಲ್‌ನಂಥ ದ್ರವ; ಸಿ ಅಂದರೆ ಅನಿಲ. ಮೂರಕ್ಕೂ ಒಂದೇ ಪುಡಿ. ಆದರೆ 1 ಕಿಲೋ ಸಿಲಿಂಡರ್ ಖಾಲಿಯಾಗಲು ಸುಮಾರು 10 ಸೆಕೆಂಡ್ ಸಾಕು. ಎಲ್ಲೆಲ್ಲೋ ಚಿಮ್ಮಿಸಿದರೆ ಮುಗಿದೇ ಹೋಯಿತು!

ಬೆಂಕಿ ಇನ್ನೂ ಸಣ್ಣದಿದ್ದು, ಎಲ್ಲರೂ ಇಳಿದು, ಫೋನ್ ಹೋಗಿ, ನಿಮ್ಮ ಬೆನ್ನ ಹಿಂದೆ ತಪ್ಪಿಸಿಕೊಳ್ಳುವ ದಾರಿ ಇದ್ದರೆ ಮಾತ್ರ ಮುಂದುವರಿಯಿರಿ. ಗಾಳಿ ನಿಮ್ಮ ಬೆನ್ನಿಗಿರಲಿ. ಕಾರಿನ ನೇರ ಮುಂದೆ ನಿಲ್ಲದೆ ಓರೆಯಾಗಿ ನಿಲ್ಲಿ. ಬಂಪರ್, ಟೈರ್, ಬಾನೆಟ್ ಎತ್ತಿಹಿಡಿಯುವ ಅನಿಲದ ಕಡ್ಡಿಗಳು ಬಿಸಿಗೆ ಸಿಡಿಯಬಹುದು. ಪಿನ್ ಎಳೆಯಿರಿ, ಹಿಡಿ ಒತ್ತಿರಿ, ಮುಂದಿನ ಜಾಲರಿಯ ಸಂದಿಯಿಂದಲೋ ಚಕ್ರದ ಮೇಲಿನ ತೆರವಿನಿಂದಲೋ ಬೆಂಕಿಯ ಬುಡಕ್ಕೆ ಪುಡಿ ಹಾರಿಸಿ. ಜ್ವಾಲೆಯ ತುದಿಗಲ್ಲ, ಬುಡಕ್ಕೆ. ನೀವು ಇಳಿಯುವ ಮೊದಲೇ ಒಳಗಿನ ಲಿವರ್ ಎಳೆದಿದ್ದರೆ ಬಾನೆಟ್ ಎರಡು ಬೆರಳಿನಷ್ಟು ತೆರೆದಿರುತ್ತದೆ. ಆ ಸಂದಿಯೇ ಸಾಕು, ಅದನ್ನು ಮೀರಿ ಎತ್ತಬೇಡಿ. ಒಂದು ಸಿಲಿಂಡರ್ ಮುಗಿದರೂ ಬೆಂಕಿ ಆರದಿದ್ದರೆ ನಿಮ್ಮ ಕೆಲಸ ಮುಗಿಯಿತು, ಹಿಂದೆ ಸರಿಯಿರಿ. ಕಾರಿಗೆ ವಿಮೆಯಿದೆ, ನಿಮ್ಮ ಕಣ್ಣಿಗೆ ಬದಲಿ ಇಲ್ಲ.

ಸಿಎನ್‌ಜಿ ಮತ್ತು ಬ್ಯಾಟರಿ ಕಾರು

ಸಿಎನ್‌ಜಿ ಸಿಲಿಂಡರಿನಲ್ಲಿ ಅನಿಲ ಸುಮಾರು 200 ಬಾರ್ ಒತ್ತಡದಲ್ಲಿರುತ್ತದೆ. ಕೀ ಆಫ್ ಮಾಡಿದರೆ ಅನಿಲದ ಕವಾಟ ತಾನೇ ಮುಚ್ಚಿಕೊಳ್ಳುತ್ತದೆ. ಸಿಲಿಂಡರ್ ಸಾಮಾನ್ಯವಾಗಿ ಡಿಕ್ಕಿಯಲ್ಲಿರುವುದರಿಂದ ಕಾರಿನ ಹಿಂಬದಿಗೂ ಹೋಗಬೇಡಿ. ಬೆಂಕಿ ಹಬ್ಬುತ್ತಿದ್ದರೆ ನಂದಿಸುವ ಯೋಚನೆ ಬಿಟ್ಟು ಜನರನ್ನು ದೂರ ಕಳಿಸಿ. ಸಿಎನ್‌ಜಿ ಗಾಳಿಗಿಂತ ಹಗುರ, ಬಯಲಿನಲ್ಲಿ ಸೋರಿದರೆ ಮೇಲೆ ಹಾರಿಹೋಗುತ್ತದೆ. ಆದರೆ ಮುಚ್ಚಿದ ನೆಲಮಾಳಿಗೆಯ ಚಾವಣಿಯಲ್ಲಿ ಶೇಖರವಾಗಬಲ್ಲದು. ವಾಸನೆ ಬಂದರೆ ಲೈಟ್ ಸ್ವಿಚ್ ಮುಟ್ಟದೆ ಹೊರಗೆ ಬನ್ನಿ. ಈ ಸಿಲಿಂಡರಿಗೆ 3 ವರ್ಷಕ್ಕೊಮ್ಮೆ ಒತ್ತಡದ ಪರೀಕ್ಷೆ ಕಡ್ಡಾಯ. ನಿಮ್ಮದರ ತಾರೀಖು ನೋಡಿದ್ದೀರಾ?

ಹಸಿರು ನಂಬರ್ ಪ್ಲೇಟಿನ ಬ್ಯಾಟರಿ ವಾಹನಗಳದು ಬೇರೆಯೇ ಕಥೆ. 2022ರಲ್ಲಿ ದೇಶದ ಹಲವೆಡೆ ಬ್ಯಾಟರಿ ಸ್ಕೂಟರ್‌ಗಳಿಗೆ ಬೆಂಕಿ ಬಿದ್ದ ಮೇಲೆ ಸರ್ಕಾರ ಬ್ಯಾಟರಿ ಸುರಕ್ಷತೆಯ ನಿಯಮಗಳನ್ನು ಬಿಗಿ ಮಾಡಿತು. ಅವು 2022ರ ಡಿಸೆಂಬರ್ ಮತ್ತು 2023ರ ಮಾರ್ಚ್‌ನಿಂದ ಎರಡು ಹಂತದಲ್ಲಿ ಜಾರಿಗೆ ಬಂದವು. ಲಿಥಿಯಂ ಬ್ಯಾಟರಿಯ ಒಂದು ಕೋಶ ಕಾದು ಹೊತ್ತಿದರೆ ಪಕ್ಕದ್ದನ್ನು ಕಾಯಿಸುತ್ತದೆ, ಅದು ಮುಂದಿನದನ್ನು. ಸಣ್ಣ ಪುಡಿ ಸಿಲಿಂಡರ್ ಇದನ್ನು ನಿಲ್ಲಿಸಲಾರದು. ಆರಿದಂತೆ ಕಂಡದ್ದು ಗಂಟೆಗಳ ನಂತರ ಮತ್ತೆ ಹೊತ್ತಿಕೊಳ್ಳಬಹುದು. ತುಂಬಾ ನೀರು ಬೇಕು, ಅದು ದಳದವರ ಕೆಲಸ. ನೀವು ಫೋನಿನಲ್ಲಿ "ಬ್ಯಾಟರಿ ಗಾಡಿ" ಎಂದು ತಪ್ಪದೆ ಹೇಳಿ.

ಮೇಲಿನ ಮನೆಯವರಿಗೆ ಒಂದು ಮಾತು

ಪಾರ್ಕಿಂಗ್‌ನ ಹೊಗೆಗೆ ಮೆಟ್ಟಿಲ ಜಾಗವೇ ಚಿಮಣಿ. ಕಾರಿನ ಪ್ಲಾಸ್ಟಿಕ್, ಸೀಟಿನ ಫೋಮ್ ಸುಟ್ಟ ಹೊಗೆಯಲ್ಲಿ ಇಂಗಾಲದ ಮಾನಾಕ್ಸೈಡ್ ಮಾತ್ರವಲ್ಲ, ಸಯನೈಡ್ ವಿಷವೂ ಇರುತ್ತದೆ. ಬೆಂಕಿ ಮುಟ್ಟದವರನ್ನೂ ಹೊಗೆ ಕೊಲ್ಲುತ್ತದೆ. ಮೆಟ್ಟಿಲಲ್ಲಿ ಹೊಗೆ ತುಂಬಿದ್ದರೆ ಅದನ್ನು ಸೀಳಿಕೊಂಡು ಕೆಳಗೆ ಓಡಬೇಡಿ. ಬಾಗಿಲು ಮುಚ್ಚಿ, ಕೆಳಸಂದಿಗೆ ಒದ್ದೆ ಟವೆಲ್ ತುರುಕಿ, ಹೊಗೆ ಬರದ ಕಡೆಯ ಕಿಟಕಿಯಲ್ಲೋ ಬಾಲ್ಕನಿಯಲ್ಲೋ ನಿಂತು ಬಟ್ಟೆ ಬೀಸಿ ಕಾಣಿಸಿಕೊಳ್ಳಿ. ಫೋನ್ ಮಾಡಿ ಮಹಡಿ, ಮನೆ ನಂಬರ್ ತಿಳಿಸಿ. ಮೆಟ್ಟಿಲು ಸ್ವಚ್ಛವಾಗಿದ್ದರೆ ಮಾತ್ರ ಬಾಗಿಲು ಎಳೆದುಕೊಂಡು ಇಳಿಯಿರಿ.

ಯಾವ ಭಾಷೆಯಲ್ಲಿ ಕೂಗುವುದು?

ಇದು ಹೊರನಾಡ ಕನ್ನಡಿಗರ ಸಮಸ್ಯೆ! ಗಾಬರಿಯಲ್ಲಿ ಬಾಯಿಗೆ ಬರುವುದು ತಾಯ್ನುಡಿ. ಆದರೆ ಚೆನ್ನೈನಲ್ಲಿ "ಬೆಂಕಿ, ಬೆಂಕಿ" ಎಂದು ಕೂಗಿದರೆ ಎಷ್ಟು ಜನರಿಗೆ ಅರ್ಥವಾದೀತು? ಊರಿನಿಂದ ಬಂದ ಅಪ್ಪ-ಅಮ್ಮ ಹಗಲೆಲ್ಲ ಮನೆಯಲ್ಲಿ ಒಬ್ಬರೇ ಇರುತ್ತಾರೆ. ಅವರಿಗಾಗಿ ಒಂದು ಚೀಟಿ ಬರೆದು ಫೋನಿನ ಪಕ್ಕ, ಬಾಗಿಲ ಹಿಂದೆ ಅಂಟಿಸಿ:

ಮರಾಠಿ: "ಗಾಡೀಲಾ ಆಗ್ ಲಾಗ್ಲೀ ಆಹೇ"
ಹಿಂದಿ: "ಗಾಡೀ ಮೇಂ ಆಗ್ ಲಗ್ ಗಯೀ ಹೈ"
ತಮಿಳು: "ಕಾರ್ ತೀ ಪಿಡಿಚ್ಚಿರುಚ್ಚು"
ತೆಲುಗು: "ಕಾರುಕು ನಿಪ್ಪಂಟುಕುಂದಿ"

ನಿಮ್ಮ ಊರಿಗೆ ಬೇಕಾದದ್ದು ಒಂದೇ ಸಾಲು. ಅದರ ಕೆಳಗೆ ಸೊಸೈಟಿ ಹೆಸರು, ವಿಂಗ್, ರಸ್ತೆ, ಹತ್ತಿರದ ಗುರುತು, ಪಾರ್ಕಿಂಗ್ ಎಲ್ಲಿದೆ, ಕಾರು ಯಾವ ಇಂಧನದ್ದು ಎಂಬುದನ್ನು ಕನ್ನಡ ಅಕ್ಷರದಲ್ಲಿ, ಅಲ್ಲಿಯ ಭಾಷೆಯಲ್ಲಿ ಬರೆಯಿರಿ. ಅಮ್ಮನ ಕೈಲಿ ಎರಡು ಸಲ ಓದಿಸಿ. ಅತ್ತಲಿನವರು ಇಡುವವರೆಗೆ ಫೋನ್ ಇಡಬಾರದು ಎಂದೂ ಹೇಳಿಕೊಡಿ.

ಮೈ ಸುಟ್ಟರೆ

ಬಟ್ಟೆಗೆ ಬೆಂಕಿ ತಗುಲಿದರೆ ಓಡಬೇಡಿ. ನಿಲ್ಲಿ, ನೆಲಕ್ಕೆ ಮಲಗಿ, ಉರುಳಿ. ಸುಟ್ಟ ಜಾಗವನ್ನು ನಲ್ಲಿಯ ಹರಿಯುವ ನೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಬಳೆ, ಉಂಗುರ, ವಾಚು ಬೇಗ ತೆಗೆಯಿರಿ, ಆಮೇಲೆ ಊದಿಕೊಂಡರೆ ಬಾರವು. ಚರ್ಮಕ್ಕೆ ಅಂಟಿದ ಬಟ್ಟೆ ಕೀಳಬೇಡಿ. ಬೆಣ್ಣೆ, ಅರಿಶಿನ, ಇಂಕು, ಟೂತ್‌ಪೇಸ್ಟ್ ಯಾವುದೂ ಬೇಡ, ಮಂಜುಗಡ್ಡೆಯೂ ಬೇಡ. ಶುಭ್ರ ಬಟ್ಟೆ ಸಡಿಲವಾಗಿ ಹೊದಿಸಿ ಆಸ್ಪತ್ರೆಗೆ ಹೋಗಿ. ಗಾಯವಿಲ್ಲದಿದ್ದರೂ ಹೊಗೆ ಕುಡಿದವರಿಗೆ ಕೆಮ್ಮು, ತಲೆಸುತ್ತು ಇದ್ದರೆ ವೈದ್ಯರು ನೋಡಲೇಬೇಕು.

ವಿಮೆಯ ಲೆಕ್ಕ

ಕಡ್ಡಾಯದ ಥರ್ಡ್ ಪಾರ್ಟಿ ವಿಮೆ ಮಾತ್ರ ಇದ್ದರೆ ನಿಮ್ಮ ಸ್ವಂತ ಕಾರು ಸುಟ್ಟಿದ್ದಕ್ಕೆ ಒಂದು ಪೈಸೆಯೂ ಬಾರದು. ಸಮಗ್ರ ವಿಮೆಯಲ್ಲಿ ಬೆಂಕಿ, ಸ್ಫೋಟ, ತಾನಾಗಿ ಹೊತ್ತಿಕೊಳ್ಳುವುದು, ಸಿಡಿಲು ಇವೆಲ್ಲ ಸೇರಿರುತ್ತವೆ. ಆದರೆ ಹೊರಗೆ ಹಾಕಿಸಿದ ಸಿಎನ್‌ಜಿ ಕಿಟ್ ಆರ್‌ಸಿ ಪುಸ್ತಕದಲ್ಲೂ ಪಾಲಿಸಿಯಲ್ಲೂ ನಮೂದಾಗಿರದಿದ್ದರೆ ತಕರಾರು ಖಚಿತ. ಬೆಂಕಿ ಆರಿದ ಕೂಡಲೇ ಕಂಪನಿಗೆ ತಿಳಿಸಿ, ಫೋಟೋ ತೆಗೆದಿಡಿ, ಪೊಲೀಸರಿಗೆ ದೂರು ಕೊಡಿ, ಅಗ್ನಿಶಾಮಕ ದಳದ ವರದಿಗೆ ಅರ್ಜಿ ಹಾಕಿ. ಸರ್ವೇಯರ್ ಬಂದು ನೋಡುವವರೆಗೆ ಕಾರು ಬಿಚ್ಚಿಸಬೇಡಿ. "ಸ್ಟಾರ್ಟ್ ಆಗುತ್ತದೋ ನೋಡೋಣ" ಎಂಬ ಕುತೂಹಲವಂತೂ ಬೇಡವೇ ಬೇಡ!

ಬಾವಿ ಈಗಲೇ ತೋಡಿ

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರಂತೆ ಎಂಬ ಗಾದೆ ನಮ್ಮದೇ. ಹಾಗಾಗಬಾರದಲ್ಲ? ಪೆಟ್ರೋಲ್ ವಾಸನೆ, ಪಾರ್ಕಿಂಗ್ ನೆಲದ ಮೇಲೆ ಎಣ್ಣೆ ಕಲೆ, ಪದೇ ಪದೇ ಹೋಗುವ ಫ್ಯೂಸ್, ಈ ಮೂರರಲ್ಲಿ ಒಂದು ಕಂಡರೂ ಕಾರು ಓಡಿಸದೆ ಮೆಕ್ಯಾನಿಕ್‌ನನ್ನು ಕರೆಸಿ. ಹೋದ ಫ್ಯೂಸಿನ ಜಾಗಕ್ಕೆ ದೊಡ್ಡದು ಹಾಕಿಸಬೇಡಿ, ತಂತಿ ಸುತ್ತಲೂ ಬೇಡಿ. ಈಗ ಬಂಕ್‌ಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಇರುವುದರಿಂದ ಹಳೆಯ ಕಾರಿನ ರಬ್ಬರ್ ಪೈಪು, ಗ್ಯಾಸ್ಕೆಟ್‌ಗಳನ್ನು ಪ್ರತಿ ಸರ್ವಿಸ್‌ನಲ್ಲೂ ನೋಡಿಸಿ. ಬಿಸಿ ಆರುವ ಮೊದಲು ಕಾರಿಗೆ ಕವರ್ ಹೊದಿಸಬೇಡಿ. ಐಎಸ್‌ಐ ಗುರುತಿನ ಸಿಲಿಂಡರನ್ನು ಡಿಕ್ಕಿಯಲ್ಲಲ್ಲ, ಕೈಗೆಟುಕುವಂತೆ ಮುಂದಿನ ಸೀಟಿನ ಬಳಿ ಭದ್ರವಾಗಿ ಕಟ್ಟಿಡಿ. ಅದರ ಮುಳ್ಳು ಹಸಿರಿನಲ್ಲಿದೆಯೇ ನೋಡುತ್ತಿರಿ, ತಿಂಗಳಿಗೊಮ್ಮೆ ತಲೆಕೆಳಗು ಮಾಡಿ ಅಲುಗಾಡಿಸಿ. ಇಲ್ಲದಿದ್ದರೆ ಪುಡಿ ಗಟ್ಟಿಯಾಗಿ ಕೂರುತ್ತದೆ.

ತಾರೀಖು ಮರೆಯುವವರಿಗೆ ಒಂದು ಸುಲಭದ ಗುರುತು. 1944ರ ಏಪ್ರಿಲ್ 14ರಂದು ಮುಂಬಯಿ ಬಂದರಿನಲ್ಲಿ ಹತ್ತಿ ಮತ್ತು ಮದ್ದುಗುಂಡು ತುಂಬಿದ್ದ 'ಫೋರ್ಟ್ ಸ್ಟೈಕಿನ್' ಹಡಗಿಗೆ ಬೆಂಕಿ ಬಿದ್ದು ಸ್ಫೋಟವಾಯಿತು. ನಂದಿಸಲು ಹೋಗಿದ್ದ ಅಗ್ನಿಶಾಮಕ ದಳದ ಹತ್ತಾರು ಮಂದಿ ಪ್ರಾಣ ತೆತ್ತರು. ಅವರ ನೆನಪಿಗೆ ಪ್ರತಿ ವರ್ಷ ಆ ದಿನವನ್ನು ದೇಶವೆಲ್ಲ ಅಗ್ನಿಶಾಮಕ ಸೇವಾ ದಿನವಾಗಿ ಆಚರಿಸುತ್ತದೆ. ಆ ದಿನ ನಿಮ್ಮ ಸೊಸೈಟಿಯವರನ್ನೆಲ್ಲ ಪಾರ್ಕಿಂಗ್‌ನಲ್ಲಿ ಸೇರಿಸಿ. ಸಿಲಿಂಡರ್‌ಗಳ ತಾರೀಖು ನೋಡಿ, ಪಿನ್ ಎಳೆಯುವುದನ್ನು ಮಕ್ಕಳಿಗೂ ತೋರಿಸಿ, ಅಗ್ನಿಶಾಮಕ ವಾಹನ ಬರುವ ದಾರಿ ತೆರವಾಗಿದೆಯೇ ಅಳೆಯಿರಿ.

ಅಲ್ಲಿಯವರೆಗೆ ಕಾಯಬೇಕಿಲ್ಲದ ಕೆಲಸ ಒಂದಿದೆ. ಆ ಭಾಷೆಯ ಚೀಟಿಯನ್ನು ಇವತ್ತೇ ಬರೆದು ಅಂಟಿಸಿ. ಸುಖವಾಗಿರಿ, ಕೇಳುತ್ತಿರಿ.